ಮುಂದಿನದು ಬರುವ ತನಕ

ಒದ್ದೆ ಉಣ್ಣೆಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಕೂತಾಗ ಏಳುವ ವಾಸನೆ ಎಂದರೆ ಅವನ ಮಟ್ಟಿಗೆ ಭಾನುವಾರದ ಸಂಜೆ. ಅಡುಗೆಮನೆಯ ಮೇಜಿನ ಮೇಲೆ ಅಕ್ಕ ಹಳೆಯ ಕಂಬಳಿಯೊಂದನ್ನು ಮಡಿಸಿ ಹಾಸಿ, ಅವನ ಶಾಲೆಯ ಕೋಟನ್ನು ಅದರ ಮೇಲೆ ಅಂಗಾತ ಮಲಗಿಸಿ, ತೇವದ ಬಟ್ಟೆ ಹೊದಿಸಿ ಒತ್ತುತ್ತಿದ್ದಳು. ಬುಸ್ಸೆಂದು ಹಬೆ ಎದ್ದು ಅವಳ ಮುಖ ಕಾಣೆಯಾಗಿ, ಮತ್ತೆ ಮೂಗಿನ ತುದಿಯಿಂದ ಶುರುವಾಗಿ ಮೂಡುತ್ತಿತ್ತು. ಆ ವಾಸನೆ ಇವತ್ತು, ತುಂಬಿದ ಬಸ್ಸಿನಲ್ಲಿ, ತೊಡೆಯ ಮೇಲೆ ಹೊಸ ಕಂಪ್ಯೂಟರಿನ ಪೆಟ್ಟಿಗೆ ಇಟ್ಟುಕೊಂಡು ಕೂತವನ ಮೂಗಿಗೆ ಎಲ್ಲಿಂದ ಬಂತು? ಪೆಟ್ಟಿಗೆಯದು ಬರೀ ರಟ್ಟಿನ ವಾಸನೆ. ಮುಂದಿನ ಸೀಟಿನ ಮುದುಕರ ಕೋಟು ಮಳೆಗೆ ತೊಯ್ದಿತ್ತು, ಅದರಿಂದ ಇರಬೇಕು. ಅಕ್ಕ ಅವನ ಶಾಲೆಯ ಕೋಟನ್ನು ಹೊಲಿಯುವಾಗ ತೋಳಿನ ಒಳಗೆ, ಬೆನ್ನಿನ ಹೊಲಿಗೆಯ ಒಳಗೆ, ಕೆಳಗಿನ ಅಂಚಿನ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದಳು. ‘ನೀನು ಬೆಳೀತೀಯಲ್ಲೋ, ಅದಕ್ಕೂ ಜಾಗ ಬೇಡವಾ’ ಅನ್ನುತ್ತಿದ್ದಳು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಹೊಲಿಗೆ ಬಿಚ್ಚಿ, ಒಳಗಿದ್ದ ಬಟ್ಟೆಯನ್ನು ಹೊರಗೆ ತಂದು, ಅದೇ ಕೋಟನ್ನು ದೊಡ್ಡದು ಮಾಡಿಕೊಡುತ್ತಿದ್ದಳು. ಹಳೆಯ ಹೊಲಿಗೆಯ ಗೆರೆ ಮಾತ್ರ ಬಣ್ಣ ಮಾಸದೆ ಉಳಿದು, ಕಳೆದ ವರ್ಷ ಅವನು ಎಷ್ಟಿದ್ದ ಎಂಬುದನ್ನು ತರಗತಿಗೆಲ್ಲ ತೋರಿಸುತ್ತಿತ್ತು. ಆ ಗೆರೆಯನ್ನು ಮುಚ್ಚಿಕೊಳ್ಳಲು ಅವನು ಕೈಯನ್ನು ಸದಾ ಜೇಬಿನಲ್ಲಿಟ್ಟುಕೊಂಡೇ ನಡೆಯುತ್ತಿದ್ದ. ಅಂಥ ಅಕ್ಕನಿಗೆ ಈಗ ಈ ಪೆಟ್ಟಿಗೆ. ಅವಳು ಕೇಳಿದ್ದು ಯಾವ ಕಾಲದಲ್ಲೋ. ಇವತ್ತು ಒಯ್ದರೆ ಅವಳು ಇದನ್ನು ಮುಟ್ಟುತ್ತಾಳೆಯೇ, ಮುಟ್ಟಿದರೂ ಅವಳ ಕೈಗೆ ಇದು ದಕ್ಕುತ್ತದೆಯೇ?

ಅವನು ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರೆಯುವ ಅಂಕಣದ ಕೆಲಸವೇ, ಜನ ಯಾವ ಕಂಪ್ಯೂಟರ್ ಕೊಳ್ಳಬೇಕು ಎಂದು ಹೇಳುವುದು. ಹೇಳುತ್ತಿದ್ದದ್ದು ಮಾತ್ರ ಹೆಚ್ಚಾಗಿ ಕೊಳ್ಳಬೇಡಿ ಎಂದೇ. ಇನ್ನು ಸ್ವಲ್ಪ ತಡೀರಿ, ಮುಂದಿನದು ಇದಕ್ಕಿಂತ ಚುರುಕಾಗಿರುತ್ತದೆ, ಇದೇ ಬೆಲೆಗೆ ಇಮ್ಮಡಿ ಸಿಗುತ್ತದೆ. ಅದು ಸುಳ್ಳೇನೂ ಆಗಿರಲಿಲ್ಲ. ಪ್ರತಿ ಸಲವೂ ಮುಂದಿನದು ಬರುತ್ತಿತ್ತು, ಚುರುಕಾಗಿಯೇ ಇರುತ್ತಿತ್ತು, ಅದರ ಹಿಂದೆ ಇನ್ನೊಂದು ನಿಂತಿರುತ್ತಿತ್ತು. ಆಫೀಸಿನಲ್ಲೂ ಹೊರಗೂ ಅವನಿಗೆ ‘ತಡೀರಿ ಸಾರ್’ ಎಂದೇ ಹೆಸರು. ಲಿಫ್ಟ್ ಮುಂದೆ ನಿಂತರೆ ಯಾರಾದರೊಬ್ಬರು, ‘ಸಾರ್, ಈ ಲಿಫ್ಟ್ ಹತ್ತಲಾ, ಮುಂದಿನದಕ್ಕೆ ತಡೀಲಾ?’ ಎಂದು ಕೇಳಿಯೇ ಕೇಳುತ್ತಿದ್ದರು. ಅವನೂ ನಗುತ್ತಿದ್ದ. ಒಳಗೊಳಗೇ ಹೆಮ್ಮೆಯೂ ಇತ್ತು. ಅವನ ಮನೆಯಲ್ಲಿ ಮಾತ್ರ ಸದಾ ಊರಿಗೇ ಹೊಸದಾದ ಯಂತ್ರ ಇರುತ್ತಿತ್ತು. ಕಂಪನಿಯವರು ಪರೀಕ್ಷೆಗೆಂದು ಕಳಿಸುತ್ತಿದ್ದರು; ಎರಡು ವಾರ ಇಟ್ಟುಕೊಂಡು, ಬರೆದು, ಒಳಗಿನದನ್ನೆಲ್ಲ ಒರೆಸಿ, ಬಂದ ರಟ್ಟಿನಲ್ಲೇ ಮತ್ತೆ ತುಂಬಿ ವಾಪಸ್ಸು ಕಳಿಸುವುದು. ಒಂದು ಹೋಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹೀಗೆ ಹೊಸತು ಎಂಬುದು ಅವನ ಮನೆಯಲ್ಲಿ ನೆಂಟರ ಹಾಗೆ ಬಂದು ಹೋಗುತ್ತಿತ್ತೇ ಹೊರತು ಮನೆಯದಾಗಲಿಲ್ಲ. ತನ್ನದು ಅಂತ ಒಂದನ್ನು ಅವನು ಇವತ್ತಿನ ಬೆಳಿಗ್ಗೆಯವರೆಗೆ ಕೊಂಡೇ ಇರಲಿಲ್ಲ. ಕೊಂಡ ಗಳಿಗೆಯಿಂದ ಅದು ಹಳತಾಗುತ್ತದೆ ಎಂದು ಬರೆದವನಿಗೆ ಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು? ಬೆಳಿಗ್ಗೆ ಅಂಗಡಿಗೆ ಹೋದಾಗ ಅಲ್ಲಿಯ ಸೇಲ್ಸ್‌ಮನ್ ಗುರುತು ಹಿಡಿದು ಎದ್ದೇ ನಿಂತ.

“ಸಾರ್, ನೀವಾ! ನಿಮ್ಮ ಅಂಕಣ ಓದದೆ ನಾನು ಗಿರಾಕಿ ಮುಂದೆ ಬಾಯಿ ಬಿಡಲ್ಲ. ಏನು ತೋರಿಸ್ಲಿ?”

“ಇದು.”

“ಇದು ಚೆನ್ನಾಗಿದೆ. ಆದ್ರೆ ಮುಂದಿನದು ಬರೋದ್ರಲ್ಲಿದೆಯಲ್ಲ ಸಾರ್. ಹೋದ ವಾರ ನೀವೇ ಬರೆದಿದ್ರಿ.”

“ಬರೆದಿದ್ದೆ.”

“ಮತ್ತೆ?”

“ಪ್ಯಾಕ್ ಮಾಡಿಕೊಡಿ.”

ಸೇಲ್ಸ್‌ಮನ್ ಸುತ್ತ ನೋಡಿ, ದನಿ ತಗ್ಗಿಸಿದ. “ಅಂದ್ರೆ ಅದು ಬರಲ್ವಾ ಸಾರ್? ಒಳಗಿನ ಸುದ್ದಿ ಏನಾದ್ರೂ ಇದ್ರೆ ನಂಗೊಬ್ಬನಿಗೆ ಹೇಳಿ, ನನ್ನ ನಾದಿನೀನೂ ಎರಡು ವರ್ಷದಿಂದ ಕಾಯ್ತಿದಾಳೆ.”

ಆ ನಾದಿನಿ ಏನು ಮಾಡಬೇಕೆಂದು ಕಾಯುತ್ತಿದ್ದಾಳೆ ಎಂದು ಕೇಳಬೇಕೆನಿಸಿತು. ‘ಕೊಂಡುಬಿಡಲಿ ಅಂತ ಹೇಳಿ’ ಅಂದದ್ದಕ್ಕೆ ಆತ ತಮಾಷೆ ಎಂದುಕೊಂಡು ಜೋರಾಗಿ ನಕ್ಕ. ನಗುತ್ತಲೇ, ಬಸ್ಸಿನಲ್ಲಿ ಹೋಗುತ್ತೀರಿ ತಾನೇ ಎಂದು, ಪೆಟ್ಟಿಗೆಗೆ ದಾರ ಸುತ್ತಿ, ಕೈಗೆ ಒತ್ತದಿರಲೆಂದು ಹಿಡಿಕೆಯ ಜಾಗದಲ್ಲಿ ಕಾಗದವನ್ನು ದಪ್ಪಕ್ಕೆ ಸುರುಳಿ ಸುತ್ತಿ ಕಟ್ಟಿಕೊಟ್ಟ.

ಅಕ್ಕ ಕೇಳಿದಾಗಲೂ ಹೀಗೇ ಮಳೆ ಬರುತ್ತಿತ್ತೇ? ನೆನಪಿಲ್ಲ. ಅವಳಾಗ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಕೆಲಸದಲ್ಲಿದ್ದಳು. ರಟ್ಟಿನಂಥ ಕಾಗದದಲ್ಲಿ ತೋಳು, ಬೆನ್ನು, ಕಾಲರ್ ಒಂದೊಂದನ್ನೂ ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಹಾಕುವುದು. ಒಂದು ಕೋಟಿನ ಕಾಗದದ ಅಳತೆ ಸರಿಯಾಗಿ ಕೂತಿತೆಂದರೆ ಅದನ್ನೇ ಚಿಕ್ಕವರಿಗೆ ಚಿಕ್ಕದು, ದೊಡ್ಡವರಿಗೆ ದೊಡ್ಡದು ಎಂದು ಮತ್ತೆ ಮತ್ತೆ ಬರೆಯಬೇಕು. ಕತ್ತು ನೋಯುವ ಕೆಲಸ ಅದು. ‘ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡ್ತಾರಂತಲ್ಲೋ. ನಾನೂ ಕಲೀತೀನಿ. ಯಾವುದು ತಗೊಳ್ಳಲಿ ನೀನೇ ಹೇಳು, ನಿನಗೆ ತಿಳಿಯದ್ದಾ’ ಎಂದು ಕೇಳಿದ್ದಳು. ಅವನಿಗೆ ತಿಳಿಯದ್ದಲ್ಲ, ಅದೇ ಬಂದ ತೊಂದರೆ. ಲೋಕಕ್ಕೆಲ್ಲ ಬುದ್ಧಿ ಹೇಳುವವನ ಅಕ್ಕನೇ ನಾಳೆ ಹಳತಾಗುವುದನ್ನು ತಂದಿಟ್ಟುಕೊಂಡರೆ ಹೇಗೆ? ಸ್ವಲ್ಪ ತಡಿ ಅಕ್ಕ, ಅಂದ. ಅವಳು ತಡೆದಳು. ಅವಳ ಒಂಟಿ ಕೋಣೆಯಲ್ಲಿ ಕಿಟಕಿಯ ಪಕ್ಕ ಇದ್ದ ಮೇಜಿನಿಂದ ಹೊಲಿಗೆ ಯಂತ್ರವನ್ನು ಎತ್ತಿ ಮೂಲೆಗಿಟ್ಟು, ಮೇಜಿಗೆ ಬಟ್ಟೆ ಹಾಸಿ, ಖಾಲಿ ಬಿಟ್ಟಳು. ಹೋದಾಗಲೆಲ್ಲ ಆ ಖಾಲಿ ಮೇಜು ಕಾಣುತ್ತಿತ್ತು. ಅವನು ಅದರ ಮೇಲೆ ಛತ್ರಿಯನ್ನೋ ಪೇಪರನ್ನೋ ಇಟ್ಟರೆ ಅವಳು ಮಾತಾಡುತ್ತಲೇ ಅದನ್ನು ತೆಗೆದು ಬೇರೆ ಕಡೆ ಇಡುತ್ತಿದ್ದಳು. ‘ಬಂತಾ ಮುಂದಿನದು?’ ‘ಬಂದಿದೆ, ಆದ್ರೆ ಇನ್ನೊಂದು ಬರ್ತಿದೆ.’ ‘ಓಹೋ, ಈ ಕಂಪನಿಯವರ ಮನೇಲಿ ಹೆರಿಗೆ ನಿಲ್ಲೋ ಹಾಗೇ ಇಲ್ಲ’ ಎಂದು ನಗುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನು ಬಿಟ್ಟಳು. ಕೇಳುವುದನ್ನು ಬಿಟ್ಟದ್ದು ಯಾವಾಗ ಎಂದು ಅವನಿಗೆ ಗೊತ್ತಾಗಲಿಲ್ಲ, ಮನೆಯ ಗಡಿಯಾರ ನಿಂತದ್ದು ಎಷ್ಟೋ ಹೊತ್ತಿನ ಮೇಲೆ ತಿಳಿಯುವ ಹಾಗೆ.

ಅವಳ ಕೋಣೆಗೆ ಸುಣ್ಣ ಹೊಡೆಸುವಾಗ ಅವಳು ಅವನ ಮನೆಗೆ ಬಂದು ಉಳಿದಿದ್ದಳು. ಆಗ ಪರೀಕ್ಷೆಗೆ ಬಂದ ಯಂತ್ರವೊಂದಿತ್ತು. ಅವನು ಅದರಲ್ಲಿ ಗೆರೆ ಎಳೆಯುವುದನ್ನು ಒಮ್ಮೆ ತೋರಿಸಿಕೊಟ್ಟ, ಅಷ್ಟೆ. ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆದು, ಪೂಜೆಗೆ ಕೂತವರ ಹಾಗೆ ಅದರ ಮುಂದೆ ಕೂತುಬಿಡುತ್ತಿದ್ದಳು. ಒಂದು ಮಗುವಿನ ಕೋಟನ್ನು ಬರೆದಳು. ಆಮೇಲೆ ಅದರ ಸುತ್ತ ಸ್ವಲ್ಪ ದೊಡ್ಡ ಮಗುವಿನದು, ಅದರ ಸುತ್ತ ಇನ್ನೂ ದೊಡ್ಡದು, ಹೀಗೆ ಗೆರೆಯ ಹೊರಗೆ ಗೆರೆ. ‘ನೋಡೋ ಇಲ್ಲಿ, ಒಂದೇ ಕೋಟು ಹುಡುಗ ಬೆಳೆದ ಹಾಗೇ ಬೆಳೀತಾ ಹೋಗತ್ತೆ’ ಎಂದು ಕರೆದಾಗ ಅವನು ಫೋನಿನಲ್ಲಿದ್ದ. ಬಂದೆ ಎಂದು ಕೈಸನ್ನೆ ಮಾಡಿದ, ಹೋಗಲಿಲ್ಲ. ಮರುದಿನ ಕಂಪನಿಯವನು ಬರುವವನಿದ್ದ. ಎಂದಿನಂತೆ ಒಳಗಿನದನ್ನೆಲ್ಲ ಒರೆಸಿದ. ಎಲ್ಲವನ್ನೂ ಅಳಿಸಬೇಕೇ, ಖಚಿತವೇ, ಎಂದು ಯಂತ್ರ ಕೇಳಿತು. ಅವನು ಹೌದು ಅಂದ. ಯಂತ್ರಕ್ಕೆ ಇದ್ದಷ್ಟು ಸೌಜನ್ಯ ಅವನಿಗಿರಲಿಲ್ಲ. ಸಂಜೆ ಅಕ್ಕ ಬಂದು, ಯಂತ್ರವಿದ್ದ ಜಾಗದಲ್ಲಿ ಧೂಳಿಲ್ಲದ ಚೌಕವೊಂದು ಉಳಿದದ್ದನ್ನು ನೋಡಿ ನಿಂತಳು. ಅವಳ ಕೈಯಲ್ಲಿ ಅಳತೆಯ ಟೇಪು ಇತ್ತು. ‘ಅದು ಹೋಯ್ತಕ್ಕ. ಯೋಚನೆ ಮಾಡಬೇಡ, ಮುಂದಿನದು ಇನ್ನೂ ಚುರುಕು. ನೀನು ವಾರವೆಲ್ಲ ಮಾಡಿದ್ದನ್ನ ಅದರಲ್ಲಿ ಒಂದು ಗಂಟೇಲಿ ಮಾಡಬಹುದು.’ ಹಾಗೆ ಅಂದಿದ್ದ. ಸಮಾಧಾನ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ. ‘ಹೌದಾ. ಸರಿ ಬಿಡು’ ಎಂದು ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡು ಒಳಗೆ ಹೋಗಿ, ಅವನ ಹೆಂಡತಿಯ ಜೊತೆ ತರಕಾರಿ ಹೆಚ್ಚಲು ಕೂತಳು.

ಮೊನ್ನೆ ಅಕ್ಕ ಮನೆಗೆ ಬಂದಿದ್ದಾಗ ಹೆಂಡತಿ ಎಲ್ಲರಿಗೂ ಚಹಾ ತಂದಳು. ಅಕ್ಕನ ಲೋಟದಲ್ಲಿ ಅರ್ಧ ಮಾತ್ರ ಇತ್ತು. ‘ಇದೇನು, ಅಕ್ಕನಿಗೆ ಜಿಪುಣತನ ಮಾಡಿದ್ದೀಯ’ ಎಂದು ಅವನು ಚೇಷ್ಟೆ ಮಾಡಿದ. ಇಬ್ಬರು ಹೆಂಗಸರೂ ನಗಲಿಲ್ಲ. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಎತ್ತಿದಳು. ಅರ್ಧ ಲೋಟದ ಚಹಾ ಅಂಚಿನವರೆಗೂ ಏರಿ ಏರಿ ಇಳಿಯಿತು, ಚೆಲ್ಲಲಿಲ್ಲ. ಅವಳು ಕುಡಿದು ಮುಗಿಸಿದ ಮೇಲೆ ಹೆಂಡತಿ ಬಂದು, ಯಾರೂ ಕೇಳದಿದ್ದರೂ, ಉಳಿದರ್ಧ ಸುರಿದಳು. ಅಂದರೆ ಇದು ಎಷ್ಟೋ ಕಾಲದಿಂದ ನಡೆಯುತ್ತಿದ್ದ ವ್ಯವಹಾರ. ಆಮೇಲೆ ಕೇಳಿದ್ದಕ್ಕೆ ಹೆಂಡತಿ, ‘ನೀವು ನೋಡಿಲ್ವಾ? ಅವರ ಕೈ ಹಾಗಾಗಿ ಎರಡು ವರ್ಷ ಆಯ್ತು’ ಅಂದಳು, ಬೈಯುವ ದನಿಯಲ್ಲಿ ಅಲ್ಲ. ಅದೇ ಹೆಚ್ಚು ಚುಚ್ಚಿತು.

ಬಸ್ಸಿಳಿಯುವಾಗ ಕಂಡಕ್ಟರ್ ಪೆಟ್ಟಿಗೆಯನ್ನು ಹಿಡಿದುಕೊಂಡು, ಅವನು ನೆಲಕ್ಕೆ ಕಾಲಿಟ್ಟ ಮೇಲೆ ಕೈಗೆ ಕೊಟ್ಟ. ಕಾರ್ಖಾನೆ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲಿನಲ್ಲೇ ಹೊಲಿಗೆ ಯಂತ್ರಗಳ ಗರಗರ ಕಾಲಿಗೆ ತಾಗುತ್ತಿತ್ತು. ಅವನು ಇಲ್ಲಿಗೆ ಬಂದು ವರ್ಷಗಳೇ ಆಗಿದ್ದವು. ಕಣ್ಣು ತಾನಾಗಿ ಕಟಿಂಗ್ ಟೇಬಲ್ ಕಡೆ ಹೋಯಿತು. ಅಲ್ಲಿ ಬೇರೆ ಯಾರೋ ಬಗ್ಗಿ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ಅಕ್ಕ ಕಿಟಕಿಯ ಹತ್ತಿರ, ಮುಗಿದ ಕೋಟುಗಳ ರಾಶಿಯ ಪಕ್ಕ ಕೂತಿದ್ದಳು. ಒಂದು ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಮುಂಗೈಯನ್ನು ಮೇಜಿಗೆ ಒತ್ತಿ ಊರಿ, ಹೊಲಿಗೆಯಿಂದ ಹೊರಗೆ ಇಣುಕುವ ನೂಲಿನ ತುದಿಗಳನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ಹೊಸಬರು ಬಂದರೆ ಮೊದಲ ದಿನ ಕೊಡುವ ಕೆಲಸ ಅದು ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಅವನನ್ನು ಕಂಡು ಕತ್ತರಿಯನ್ನು ಕೋಟಿನ ಮಡಿಕೆಯಲ್ಲಿ ಬಚ್ಚಿಟ್ಟಳು. “ಏನೋ, ಹಗಲುಹೊತ್ತು? ಮನೇಲಿ ಎಲ್ಲ ಸರಿ ಇದೆ ತಾನೇ?”

“ಸರಿ ಇದೆ ಅಕ್ಕ. ನಿನಗೆ ಒಂದು ತಂದಿದೀನಿ.”

ಅಷ್ಟರಲ್ಲಿ ಕಾರ್ಖಾನೆಯ ಯಜಮಾನರು ಕೊರಳಿಗೆ ಟೇಪು ಜೋಲಿಸಿಕೊಂಡು ಬಂದರು. “ಓಹೋ, ತಡೀರಿ ಸಾರ್! ಬನ್ನಿ ಬನ್ನಿ. ನಿಮ್ಮ ಹೆಸರು ಹೇಳ್ಕೊಂಡು ನಿಮ್ಮಕ್ಕ ನನ್ನನ್ನ ಎಷ್ಟು ಕಾಲ ಕಟ್ಟಿ ಹಾಕಿದ್ರು ಗೊತ್ತಾ?”

“ಅದೆಲ್ಲ ಈಗ್ಯಾಕೆ ಯಜಮಾನ್ರೇ?” ಅಕ್ಕ ಅಂದಳು.

“ಹೇಳ್ತೀನಿ ಬಿಡಮ್ಮಾ, ಸೊಗಸಾದ ಕತೆ. ನಾನು ಒಂದು ಕಂಪ್ಯೂಟರ್ ತಂದುಬಿಡೋಣ ಅಂತೀನಿ. ಇವರು ಅಡ್ಡ ನಿಂತು, ಬೇಡ, ನನ್ನ ತಮ್ಮ ಹೇಳ್ತಾನೆ, ಇನ್ನೂ ಒಳ್ಳೇದು ಬರ್ತಿದೆ, ಬಂದ ಮೇಲೆ ನಾನೇ ಕಲಿತು ನಡೆಸಿಕೊಡ್ತೀನಿ ಅಂತಾರೆ. ಇವರ ಮಾತು ನಾನು ಮೀರಿದೋನಲ್ಲ, ಕಾದೆ. ಕಾದೂ ಕಾದೂ ಕೊನೆಗೆ ನನ್ನ ಮಗ ಯಾವುದೋ ಮುಚ್ಚಿದ ಆಫೀಸಿಂದ ಹಳೇದೊಂದನ್ನ ಹೊತ್ಕೊಂಡು ಬಂದ. ಅಷ್ಟೊತ್ತಿಗೆ ಮನೆಗೆ ಸೊಸೆ ಬಂದಿದ್ಲು, ಕೂರಿಸಿದ್ವಿ. ಅವತ್ತಿಂದ ಇವತ್ತಿನವರೆಗೂ ಓಡ್ತಾನೇ ಇದೆ ನೋಡಿ!”

ಯಜಮಾನರ ಮಾತಿನಲ್ಲಿ ಒಂದು ಚೂರೂ ಕಹಿ ಇರಲಿಲ್ಲ. ಹಳೆಯ ತಮಾಷೆಯೊಂದನ್ನು ಅದರ ಒಡೆಯನಿಗೇ ಹೇಳುವ ಸಂತೋಷ ಅಷ್ಟೆ. ಮೂಲೆಯಲ್ಲಿ ಹಳದಿಗಟ್ಟಿದ ದಪ್ಪ ಪೆಟ್ಟಿಗೆಯೊಂದು ಗುಂಯ್ ಎನ್ನುತ್ತಿತ್ತು, ಮುಂದೆ ಸೊಸೆ ಕೂತಿದ್ದಳು. ಪರದೆಯ ಮೇಲೆ ಗೆರೆಯ ಹೊರಗೆ ಗೆರೆ, ಕೋಟಿನ ಹೊರಗೆ ಕೋಟು. ಅವನಿಗೆ ಆ ಯಂತ್ರದ ಗುರುತು ಹತ್ತಿತು. ಅದನ್ನು ಕೊಳ್ಳಬೇಡಿ ಎಂದು ಬರೆದವನು ಅವನೇ. ಅವನ ಮಾತನ್ನು ಈ ಊರಿನಲ್ಲಿ ನೆಚ್ಚಿದವರೆಲ್ಲರಿಗಿಂತ ಹೆಚ್ಚಾಗಿ ನೆಚ್ಚಿದ ಒಬ್ಬಳು, ಆ ಮಾತಿಗಾಗಿ ಇಷ್ಟು ಜನರೆದುರು ವಾದಿಸಿ, ಆ ಕುರ್ಚಿಯನ್ನು ಕಳೆದುಕೊಂಡಿದ್ದಳು. ಮನೆಗೆ ಬಂದಾಗ ಒಂದು ದಿನವೂ ಹೇಳಿರಲಿಲ್ಲ.

ಪೆಟ್ಟಿಗೆ ಬಿಚ್ಚುವಾಗ ನಾಲ್ಕು ಜನ ಸೇರಿದರು. ಸೊಸೆ ಎದ್ದು ಬಂದು, ಕಟಿಂಗ್ ಟೇಬಲಿನ ತುದಿಯಲ್ಲಿದ್ದ ಬಟ್ಟೆಯ ಚೂರುಗಳನ್ನು ಸರಿಸಿ, ಜಾಗವನ್ನು ಅಂಗೈಯಿಂದ ಒರೆಸಿಕೊಟ್ಟಳು. ಪರದೆ ಬೆಳಗಿದಾಗ ಯಾರೋ ‘ಅಬ್ಬಾ, ಕನ್ನಡಿ ಹಾಗಿದೆ’ ಅಂದರು. ಅವನು ಚಿತ್ರ ಬರೆಯುವ ಜಾಗ ತೆರೆದು, ಎದ್ದು, ಕುರ್ಚಿಯನ್ನು ಅಕ್ಕನಿಗೆ ಬಿಟ್ಟ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೌಸಿನ ಮೇಲೆ ಕೈ ಇಟ್ಟಳು. ಪರದೆಯ ಮೇಲಿನ ಬಾಣ ಗಾಜಿಗೆ ಸಿಕ್ಕಿಬಿದ್ದ ನೊಣದ ಹಾಗೆ ಪಟಪಟ ಒದ್ದಾಡಿತು. ಅವಳು ಕೈ ಬಿಗಿಹಿಡಿದಷ್ಟೂ ಒದ್ದಾಟ ಹೆಚ್ಚಿತು. ಗೆರೆಯೊಂದು ಶುರುವಾಗಿ, ಹಲ್ಲು ಹಲ್ಲಾಗಿ, ಗರಗಸದ ಬಾಯಿಯಂತೆ ಅಡ್ಡ ಹೋಯಿತು. ಕೈಯ ಅತಿ ಸಣ್ಣ ಚಲನೆಯನ್ನೂ ಬಿಡದೆ ಹಿಡಿಯುತ್ತದೆ ಎಂದು ಅವನು ಹೋದ ವಾರ ಹೊಗಳಿ ಬರೆದಿದ್ದ. ಹಿಡಿದಿತ್ತು. ಅವಳು ಎರಡು ವರ್ಷದಿಂದ ಕೋಟಿನ ಮಡಿಕೆಯಲ್ಲಿ, ಸೆರಗಿನ ಅಡಿಯಲ್ಲಿ, ಅರ್ಧ ಲೋಟದಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಅಷ್ಟು ಜನರ ಮುಂದೆ ದೊಡ್ಡದು ಮಾಡಿ, ಬಣ್ಣದಲ್ಲಿ ತೋರಿಸಿತ್ತು. ಸೇರಿದವರು ಒಬ್ಬೊಬ್ಬರಾಗಿ, ಏನೋ ಕೆಲಸ ನೆನಪಾದವರಂತೆ ತಮ್ಮ ತಮ್ಮ ಜಾಗಕ್ಕೆ ಹೋದರು. ಯಜಮಾನರು ಕೂಡ ಕೆಮ್ಮಿ, ಯಾರನ್ನೋ ಕೂಗುತ್ತ ಹೋದರು.

ಸೊಸೆ ಮಾತ್ರ ನಿಂತಿದ್ದಳು. “ನಮ್ಮದು ನಿಧಾನ ಅಲ್ವಾ ಅಣ್ಣ,” ಎಂದಳು ಮೆಲ್ಲಗೆ, “ಅದರಲ್ಲಿ ಈ ಅಮ್ಮನಿಗೆ ಇಷ್ಟು ಕಷ್ಟ ಆಗಲ್ಲ. ಕೈ ನಾಲ್ಕು ಸಲ ಅಲ್ಲಾಡಿದ್ರೆ ಅದು ಎಚ್ಚೆತ್ತು ಒಂದು ಸಲ ಹೋಗತ್ತೆ.”

“ನೀನು ಅದರಲ್ಲಿ ಕೂರ್ತೀಯಾ ಅಕ್ಕ?”

“ಊಟದ ಹೊತ್ತಲ್ಲಿ. ಎಲ್ಲರೂ ಕೆಳಗೆ ಹೋಗಿರ್ತಾರಲ್ಲ.” ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಅವಳು ಸೊಸೆಯ ಮುಖ ನೋಡಿದಳು. “ಈ ತಾಯಿ ಅದನ್ನ ಆರಿಸದೆ ಬಿಟ್ಟು ಹೋಗ್ತಾಳೆ.”

ಅವನು ಬಗ್ಗಿ, ಯಂತ್ರದ ಒಳಗಿನ ಪಟ್ಟಿಗಳನ್ನೆಲ್ಲ ತೆರೆದು, ಬಾಣದ ವೇಗವನ್ನು ತಗ್ಗಿಸಿದ. ಸಾಲಲಿಲ್ಲ, ಇನ್ನಷ್ಟು ತಗ್ಗಿಸಿದ. ಇದ್ದಬದ್ದ ಚುರುಕನ್ನೆಲ್ಲ ಒಂದೊಂದಾಗಿ ಆರಿಸುತ್ತ ಹೋದ. ಅಕ್ಕ ನೋಡುತ್ತಿದ್ದವಳು ನಕ್ಕೇಬಿಟ್ಟಳು. “ಅಲ್ಲೋ ಮಹಾರಾಯ, ಹೊಸದು ಅಂತ ತಂದು ಹಳೇದು ಮಾಡ್ತಾ ಕೂತಿದೀಯಲ್ಲ! ನಿನ್ನ ಓದುಗರು ನೋಡಿದ್ರೆ ಕಲ್ಲು ಹೊಡೀತಾರೆ.” ಅವನೂ ನಗಲು ನೋಡಿದ. ಅವಳು ಮತ್ತೆ ಕೈ ಇಟ್ಟಳು. ಬಾಣ ಈಗ ಕೆಸರಿನಲ್ಲಿ ನಡೆಯುವವರಂತೆ ಕಾಲೆಳೆದು ನಡೆಯಿತು. ಭುಜದ ಇಳಿಜಾರಿನ ಒಂದು ಗೆರೆ ಹೇಗೋ ಮೂಡಿತು, ಸೊಟ್ಟಗೆ, ಆದರೆ ಭುಜವೇ ಅದು. ಕಾಲರಿನ ಬಾಗು ಬರುವ ಹೊತ್ತಿಗೆ ಅವಳ ತುಟಿಯ ಮೇಲೆ ಬೆವರು ಕೂತಿತ್ತು. ಕೈ ತೆಗೆದು ಕಂಕುಳಿನಲ್ಲಿ ಅವುಚಿಕೊಂಡಳು, ಚಳಿಯಾದವರ ಹಾಗೆ.

“ಸಾಕು ಕಣೋ. ಬೇಡ ಅನ್ನೋಕೆ ಮನಸ್ಸಿಲ್ಲ, ನಡೆಸೋಕೆ ಕೈ ಇಲ್ಲ.”

“ಅಕ್ಕ, ಅವತ್ತು...”

“ಯಾವತ್ತು?”

“ಆ ಮಗುವಿನ ಕೋಟು. ನಾನು ನೋಡದೇನೇ ಅಳಿಸಿಬಿಟ್ಟೆ. ನೀನು ಕರೆದಿದ್ದೆ.”

ಅವಳು ಆ ಸೊಟ್ಟ ಭುಜವನ್ನು ಒಮ್ಮೆ ನೋಡಿದಳು. ಆಮೇಲೆ, ಅವನು ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡು ಬಂದರೆ ಏನೂ ಆಗಿಲ್ಲ ಎಂದು ಹೇಳುತ್ತಿದ್ದ ಅದೇ ದನಿಯಲ್ಲಿ, “ಓ, ಅದಾ? ಅದು ಸರಿ ಇರಲಿಲ್ಲ ಬಿಡೋ. ಕಾಲರ್ ತಪ್ಪಿತ್ತು,” ಅಂದಳು.

ತಪ್ಪಿತ್ತೇ? ಬಟ್ಟೆಯನ್ನು ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದವಳು, ವಾರವೆಲ್ಲ ಕೂತು ಬರೆದ ಕಾಲರನ್ನು ತಪ್ಪಿಸಿದ್ದಳೇ? ಇವಳು ಈಗ ಹೇಳಿದ್ದು ನಿಜವೋ, ಅವನಿಗಾಗಿ ಕತ್ತರಿಸಿ ಕೊಟ್ಟ ಇನ್ನೊಂದು ತುಂಡು ಬಟ್ಟೆಯೋ? ತೆಗೆದು ನೋಡೋಣವೆಂದರೆ ಎಲ್ಲಿದೆ? ಲೋಕದ ಯಾವ ಯಂತ್ರದಲ್ಲೂ ಈಗ ಆ ಕೋಟು ಇರಲಿಲ್ಲ. ಖಚಿತವೇ ಎಂದು ಕೇಳಿದ್ದಕ್ಕೆ ಹೌದು ಎಂದವನು ಅವನೇ. ನಾಳೆ ಬರುವುದಿರಲಿ, ಅದರ ಮುಂದೆ ಬರುವುದಿರಲಿ, ಯಾವುದೂ ಆ ಕಾಲರನ್ನು ತೋರಿಸಲಾರದು. ಕ್ಷಮಿಸು ಎನ್ನೋಣವೆಂದರೆ ಕ್ಷಮಿಸುವುದಕ್ಕೆ ಏನೂ ಇಲ್ಲವೆಂದು ಅವಳು ಆಗಲೇ ಬಾಗಿಲು ಹಾಕಿಯಾಗಿತ್ತು. ಅವನು ಅಲ್ಲಿದ್ದ ಸ್ಟೂಲನ್ನು ಎಳೆದು ಕೂತ.

ಊಟದ ಗಂಟೆ ಹೊಡೆಯಿತು. ಯಂತ್ರಗಳು ಒಂದರ ಹಿಂದೊಂದು ನಿಂತವು. ಕೊನೆಯದು ನಿಂತ ಮೇಲೆ ಕಿವಿಯಲ್ಲಿ ಅದರ ಸದ್ದು ಇನ್ನೂ ಓಡುತ್ತಿತ್ತು. ಜನ ಮಾತಾಡುತ್ತ ಮೆಟ್ಟಿಲಿಳಿದರು. ಸೊಸೆ ಹೋಗುವ ಮುಂಚೆ, ನೂಲಿನ ಧೂಳು ಬೀಳದಿರಲೆಂದು, ಹೊಸ ಕಂಪ್ಯೂಟರಿನ ಮೇಲೆ ಕೋಟಿನ ಒಳಪದರದ ನುಣುಪು ಬಟ್ಟೆಯ ತುಂಡೊಂದನ್ನು ಹೊದಿಸಿದಳು. ತನ್ನ ಮೂಲೆಯ ಹಳೆಯದನ್ನು ಎಂದಿನಂತೆ ಆರಿಸದೆ ಬಿಟ್ಟು ಹೋದಳು. ಅಕ್ಕ ಇವತ್ತು ಅದರ ಕಡೆ ಹೋಗಲಿಲ್ಲ.

“ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯೋ ಇಲ್ಲವೋ?”

ಅವಳು ಕಿಟಕಿಯ ಕೆಳಗಿನ ಚೀಲದಿಂದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಿಂದಲೂ ಒತ್ತಿ ಮುಚ್ಚಳ ಬಿಚ್ಚಿದಳು. ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ, ಬ್ರೆಡ್ಡು. ಒಬ್ಬರ ಊಟ. ಮುಚ್ಚಳಕ್ಕೆ ಎರಡು ಚೂರು ಆಲೂಗಡ್ಡೆಯನ್ನೂ ಬ್ರೆಡ್ಡಿನ ಅಂಚನ್ನೂ ಹಾಕಿ ತನ್ನ ಪಕ್ಕಕ್ಕೆ ಇಟ್ಟುಕೊಂಡಳು. ಉಳಿದದ್ದನ್ನು, ಮೊಟ್ಟೆಯ ಸಮೇತ, ಡಬ್ಬಿಯಲ್ಲೇ ಬಿಟ್ಟು, ಅವನ ಕಡೆ ಚಾಚಿದಳು.